ಚೆನ್ನಾಗಿ ಬಲ್ಲವರು

ಲೈಬ್ರರಿ ಮೇಡಂ ಅವರಿಗೆ ನಮಸ್ಕಾರ.

ಕಾಲೇಜಿನ ಅರ್ಜಿಯ ಜೊತೆ, ನನ್ನನ್ನು ಚೆನ್ನಾಗಿ ಬಲ್ಲವರೊಬ್ಬರ ಶಿಫಾರಸು ಪತ್ರ ಲಗತ್ತಿಸಬೇಕು. ಕ್ಲಾಸ್ ಟೀಚರ್ ಬರೆದುಕೊಟ್ಟರು. ನಾನು ಸೊಗಸಾಗಿ ಹಾಡುತ್ತೇನೆ, ನಾನಿದ್ದಲ್ಲಿ ಗೆಳತಿಯರ ಹಿಂಡೇ ಇರುತ್ತದೆ ಎಂದಿದೆ ಅದರಲ್ಲಿ. ಅದು ನಾನಲ್ಲ, ಮುಂದಿನ ಬೆಂಚಿನ ಹುಡುಗಿ. ಹೇಳೋಣವೆಂದು ಹೋದರೆ, "ನೀನು ಯಾವ ಸೆಕ್ಷನ್ನಮ್ಮ?" ಎಂದರು. ಎರಡು ವರ್ಷದಿಂದ ಅವರೇ ನನ್ನ ಹಾಜರಿ ಕೂಗುತ್ತಿದ್ದಾರೆ. ಪತ್ರವನ್ನು ಮಡಚಿಕೊಂಡು ಬಂದುಬಿಟ್ಟೆ.

ಆ ಪತ್ರವನ್ನು ನೀವು ಬರೆದುಕೊಡುತ್ತೀರಾ? ಹೊಗಳುವುದೇನೂ ಬೇಡ. ಪುಸ್ತಕಗಳನ್ನು ಹೇಳಿದ ದಿನಕ್ಕೆ ತಂದುಕೊಡುತ್ತೇನೆ, ಹರಿದ ಹಾಳೆಗಳನ್ನು ಅಂಟಿಸಿಕೊಡುತ್ತೇನೆ ಎಂದರೆ ಸಾಕು. ಪೇಪರ್ ಸ್ಟ್ಯಾಂಡಿನ ಹಿಂದೆ ಕೂತು ಊಟದ ಡಬ್ಬಿ ಬಿಚ್ಚುವುದನ್ನು ಮಾತ್ರ ಬರೆಯಬೇಡಿ. ನೀವು ನೋಡಿಯೂ ನೋಡದಂತೆ ಇರುತ್ತೀರೆಂದು ನನಗೆ ಗೊತ್ತು.

ಜ್ವರ ಬಂದು ಮೂರು ದಿನ ಮಲಗಿದ್ದೆನಲ್ಲ, ವಾಪಸ್ ಬಂದಾಗ "ಏನಮ್ಮಾ, ಪತ್ತೇನೇ ಇಲ್ಲ?" ಎಂದು ಇಡೀ ಶಾಲೆಯಲ್ಲಿ ಕೇಳಿದವರು ನೀವೊಬ್ಬರೇ. ಅದಕ್ಕೇ ನಿಮ್ಮ ಹತ್ತಿರ ಬಂದೆ.

ಶುಕ್ರವಾರದೊಳಗೆ ಕೊಟ್ಟರೆ ಉಪಕಾರವಾಗುತ್ತದೆ. ಹೆಸರಿನ ಜಾಗವನ್ನು ಖಾಲಿ ಬಿಡಿ, ನಾನೇ ತುಂಬಿಕೊಳ್ಳುತ್ತೇನೆ. ನೀವು ಯಾವತ್ತೂ ಕೇಳಿಲ್ಲ, ನಾನೂ ಹೇಳಿಲ್ಲ.

ಇಂತಿ,
ಕಾರ್ಡ್ ನಂಬರ್ ಇನ್ನೂರ ಹದಿನಾಲ್ಕು