ಕೆಂಚಿಯ ಒಡೆಯ

ಕೌಲ್ ಬಜಾರ್, ಬಳ್ಳಾರಿ
೧೪-೨-೧೯೫೨

ಪ್ರೀತಿಯ ಹೊನ್ನೂರಪ್ಪಣ್ಣನಿಗೆ ಕೊಟ್ಟೂರಪ್ಪ ಮಾಡುವ ನಮಸ್ಕಾರಗಳು.

ಕ್ಷೇಮವೆಂದು ಬರೆಯುವ ರೂಢಿ. ದಿನ ಕಳೆಯುತ್ತಿದ್ದೇನೆ ಎಂದಷ್ಟೇ ಬರೆಯುತ್ತೇನೆ. ಈ ಪತ್ರವನ್ನು ನಿನಗೆ ಓದಿ ಹೇಳುವವಳು ನಿನ್ನ ಮಗಳು ಸತ್ಯಮ್ಮನೇ ಎಂದು ಗೊತ್ತು. ಅವಳ ಬಾಯಿಂದ ಇದನ್ನೆಲ್ಲ ಹೇಳಿಸಲು ನಾಚಿಕೆಯಾಗುತ್ತದೆ. ಆದರೂ ಸತ್ಯಮ್ಮಾ, ಒಂದು ಸಾಲೂ ಬಿಡದೆ ಓದವ್ವಾ.

ನಮ್ಮ ಎರೆಸೀಮೆ ಬೇಟೆನಾಯಿ ಸಂಘ ಮುಗಿಯಿತು. ಹೋದ ಭಾನುವಾರ ಕುರುಗೋಡಿನಲ್ಲಿ, ಅಧ್ಯಕ್ಷರಾದ ಗವಿಸಿದ್ದಪ್ಪ ಸಾಹುಕಾರರ ಪಡಸಾಲೆಯಲ್ಲಿ ಕಡೆಯ ಸಭೆ. ಬಂದವರು ಮೂವರು. ಚಹಾ ಕುಡಿದು, ಬಿಸಿಲಿನ ಮಾತಾಡಿ ಎದ್ದರು. ನೀನೂ ನಾನೂ ಹಳ್ಳಿಹಳ್ಳಿ ಅಲೆದು ಹುಡುಕಿದ ಇಪ್ಪತ್ಮೂರು ನಾಯಿಗಳಲ್ಲಿ ಈಗ ಎರಡು ಉಳಿದಿವೆ. ಒಂದು ನನ್ನ ಹಿತ್ತಲಲ್ಲಿರುವ ಗಂಡು, ಬೈರ. ಇನ್ನೊಂದು ನಿನ್ನ ಕೆಂಚಿ.

ನೆನಪಿದೆಯೇ, ನಾಲ್ಕು ವರ್ಷದ ಹಿಂದೆ ಹಂದಿ ಕೋರೆಗೆ ತೊಡೆ ಸೀಳಿದ್ದ ಮರಿ ಕೆಂಚಿಯನ್ನು ಎತ್ತಿಕೊಂಡು ನೀನು ಕರೂರಿನಿಂದ, ನಾನು ಕಂಪೌಂಡರಾಗಿರುವ ದನದ ದವಾಖಾನೆಗೆ ನಡೆದೇ ಬಂದಿದ್ದೆ. ನಾನು ಹೊಲಿಗೆ ಹಾಕುವಷ್ಟರಲ್ಲಿ ನೀನು ಆ ಮರಿಯ ಅವ್ವ, ಅಜ್ಜಿ, ಮುತ್ತಜ್ಜಿ ಯಾವ ಊರಲ್ಲಿದ್ದವು, ಯಾವುದು ಎಷ್ಟು ಮೊಲ ಹಿಡಿದಿತ್ತು ಎಂದೆಲ್ಲ ಹೇಳಿ ಮುಗಿಸಿದ್ದೆ. ಯುದ್ಧದ ಕಾಲದಲ್ಲಿ ಸೋಲ್ಜರುಗಳು ತಂದ ನಾಯಿಗಳೊಡನೆ ಬೆರೆತು ತಳಿ ಕೆಡುತ್ತಿತ್ತು. ಸಂಘವೊಂದು ಕಟ್ಟಿದರೆ ಉಳಿದೀತು ಎಂಬ ಹುಚ್ಚು ನನಗೆ ಹಿಡಿದದ್ದು ಅಂದೇ.

ಎರಡು ವರ್ಷ ರಜೆಯಿದ್ದಾಗಲೆಲ್ಲ ಹೊರಟೆವು. ಸಿರುಗುಪ್ಪ, ಮೋಕ, ಕುರುಗೋಡು. ನಾನು ಸೈಕಲ್ ತುಳಿಯುತ್ತಿದ್ದೆ, ನೀನು ಹಿಂದೆ ಕೂರುತ್ತಿದ್ದೆ. ಊರು ಹತ್ತಿರವಾದಂತೆ ನೀನು ಇಳಿದು ನಡೆಯುತ್ತಿದ್ದೆ. ‘ಕೂತಿರಣ್ಣ’ ಎಂದು ನಾನು ಒಮ್ಮೆಯೂ ಅನ್ನಲಿಲ್ಲ. ಮೋಕದ ಹಂಪಕ್ಕನ ಅಂಗಳದಲ್ಲಿ ಮಲಗಿದ್ದ ನಾಯಿಯ ಪಕ್ಕೆ ಸವರಿ ನೀನು, “ಇದರ ಅವ್ವ ಸಿರುಗುಪ್ಪದಾಗಿತ್ರಿ. ಎಡಗಿವಿ ಹರದಿತ್ತು, ಬರ್ಕೊಳ್ರಿ” ಅಂದೆ. ಹಂಪಕ್ಕ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಮದ್ರಾಸಿನ ದೊಡ್ಡ ನಾಯಿ ಸಂಘದವರು ನಮ್ಮ ತಳಿಯನ್ನು ಒಪ್ಪಲು ಮೂರು ತಲೆಮಾರಿನ ವಂಶಾವಳಿಯ ಪುಸ್ತಕ ಕೇಳಿದ್ದರು. ನಮ್ಮ ಪುಸ್ತಕದಲ್ಲಿದ್ದ ಪ್ರತಿ ಸಾಲೂ ನೀನು ಹೇಳಿದ್ದು. ಅಕ್ಷರ ಮಾತ್ರ ನನ್ನದು.

ಆ ಪುಸ್ತಕ ಅಚ್ಚಾಗಿ ಬಂದದ್ದು ಹೋದ ಮಾರ್ಚಿನಲ್ಲಿ, ಕುರುಗೋಡಿನ ತೋಪಿನಲ್ಲಿ ನಾಯಿಗಳ ಪ್ರದರ್ಶನ ಇಟ್ಟ ದಿನ. ಬೆಳಿಗ್ಗೆಯೇ ನೀನೂ ಸತ್ಯಮ್ಮನೂ ಕೆಂಚಿಯನ್ನು ಕರೆತಂದಿರಿ. ಸತ್ಯಮ್ಮ ಒಂದು ಪುಸ್ತಕ ತೆಗೆದುಕೊಂಡು ಅಪ್ಪನ ಹೆಸರು ಹುಡುಕಿದಳು. ಎಲ್ಲಿಯೂ ಇರಲಿಲ್ಲ. ಕೆಂಚಿಯ ಹೆಸರಿನ ಮುಂದೆ, ಒಡೆಯ ಎಂಬಲ್ಲಿ, ನನ್ನ ಹೆಸರಿತ್ತು. ಅವಳು ಅದನ್ನು ಜೋರಾಗಿಯೇ ಓದಿದಳು.

“ಕಂಪೌಂಡ್ರೇ, ಕೆಂಚಿ ನಿಮ್ಮದಾತೇನ್ರಿ?” ಎಂದು ನೀನು ಕೇಳಿದೆ. ಸಿಟ್ಟಿನಿಂದಲ್ಲ, ತಿಳಿದುಕೊಳ್ಳುವವನ ಹಾಗೆ.

“ಸಾಹುಕಾರ್ರು ಹಂಗ ಬರಿ ಅಂದ್ರಣ್ಣ. ಕೇರಿಯವರ ಹೆಸರು ಇದ್ರ ಮದ್ರಾಸಿನವ್ರು ಒಪ್ಪಂಗಿಲ್ಲಂತ” ಅಂದೆ.

“ಆತು ಬಿಡ್ರಿ. ಸತ್ಯಮ್ಮ, ಹಗ್ಗ ಹಿಡಿ, ಹೋಗಾನು.”

ಅಷ್ಟೇ ಅಂದೆ ನೀನು. ಅವತ್ತು ಬೈದಿದ್ದರೆ ಇವತ್ತು ಈ ಪತ್ರ ಬರೆಯುವುದು ಸುಲಭವಾಗುತ್ತಿತ್ತು.

ನೀನು ಹೋದ ಮೇಲೆ ನಡೆದದ್ದನ್ನೂ ಕೇಳು. ಸಿರುಗುಪ್ಪದಿಂದ ಬಂದಿದ್ದ ಒಂದು ನಾಯಿ ಕೆಮ್ಮುತ್ತಿತ್ತು, ಕಣ್ಣಲ್ಲಿ ಪಿಸುರು ಕಟ್ಟಿತ್ತು. ಇಪ್ಪತ್ತು ವರ್ಷ ದವಾಖಾನೆಯಲ್ಲಿ ಕೆಲಸ ಮಾಡಿದವನಿಗೆ ಅದು ಅಂಟುರೋಗವೆಂದು ಗೊತ್ತಾಗದೇ? ಗೊತ್ತಾಯಿತು. ಆದರೆ ಮದ್ರಾಸಿನವರು ಹನ್ನೊಂದಕ್ಕೆ ಬರುವವರಿದ್ದರು, ಸಾಲಿನಲ್ಲಿ ಒಂದೂ ಕಡಿಮೆಯಾಗಬಾರದು ಎನಿಸಿತು. ಒದ್ದೆ ಬಟ್ಟೆಯಿಂದ ಕಣ್ಣು ಒರೆಸಿ ಸಾಲಿನಲ್ಲೇ ನಿಲ್ಲಿಸಿದೆ.

ಹದಿನೈದು ದಿನಕ್ಕೆ ಶುರುವಾಯಿತು. ಮೂಗಿನಲ್ಲಿ ನೀರು, ಜ್ವರ, ಕೊನೆಗೆ ಸೆಳವು. ನಮ್ಮ ಹತ್ತಿರ ಅದಕ್ಕೆ ಔಷಧವಿಲ್ಲ. ಹಂಪಕ್ಕ ಮೋಕದಿಂದ ನಾಯಿಯನ್ನು ಹೆಗಲ ಮೇಲೆ ಹೊತ್ತು ತಂದಳು. ಮೆಟ್ಟಿಲ ಮೇಲೆ ಇಳಿಸುವಷ್ಟರಲ್ಲಿ ಅದು ಸತ್ತಿತ್ತು. “ನೀವು ಕರದ್ರಿ ಅಂತ ಕರಕೊಂಡು ಬಂದಿದ್ನೆಪ್ಪ ಕುರುಗೋಡಿಗೆ” ಅಂದಳು. ಸಂಘ ಕಟ್ಟದಿದ್ದರೆ ಆ ನಾಯಿಗಳು ಅವರವರ ಅಂಗಳದಲ್ಲಿ ಬದುಕಿರುತ್ತಿದ್ದವು. ಬೈರನಿಗೂ ಜ್ವರ ಬಂದಿತ್ತು, ಹೇಗೋ ಗೆದ್ದ. ಕೆಂಚಿ ಉಳಿದದ್ದು ನೀನು ಎದ್ದು ಹೋದೆ ಎಂಬ ಒಂದೇ ಕಾರಣಕ್ಕೆ.

ಸಭೆ ಮುಗಿದ ಮೇಲೆ ಸಾಹುಕಾರರು, “ಹೊನ್ನೂರಪ್ಪಗ ಬರಿ. ಕೆಂಚೀನ ಕಳಸಿದ್ರ ತಳಿ ಉಳೀತದ” ಅಂದರು. ತಲೆಯಾಡಿಸಿ ಬಂದೆ. ಅಣ್ಣಾ, ನಾನು ಕೆಂಚಿಯನ್ನು ಕೇಳುತ್ತಿಲ್ಲ. ಈ ಪತ್ರ ತಂದ ಗಾಡಿ ಎರ್ರಣ್ಣನ ಕೈಯಲ್ಲಿ ಬೈರನ ಹಗ್ಗವಿದೆ. ರೋಗ ಬಿಟ್ಟು ಹತ್ತು ತಿಂಗಳಾಯಿತು, ಅಂಜಬೇಡ. ಇಟ್ಟುಕೊಂಡರೆ ಇಟ್ಟುಕೋ. ಬೇಡವಾದರೆ ಎರ್ರಣ್ಣನೇ ಸಾಕುತ್ತಾನೆ, ಮಾತಾಗಿದೆ. ಮರಿಗಳಾದರೆ ಅವು ನಿನ್ನವು. ಯಾರು ಬಂದು ಕೇಳಿದರೂ ಹೆಸರು ಬರೆಸಬೇಡ.

ನನಗೆ ಕಡಪಕ್ಕೆ ವರ್ಗವಾಗಿದೆ. ಸೋಮವಾರ ಹೊರಡುತ್ತೇನೆ. ನಾನೇ ಬೇಡಿ ಮಾಡಿಸಿಕೊಂಡದ್ದು. ಈ ಬೀದಿಯಲ್ಲಿ ಯಾವ ನಾಯಿ ಬೊಗಳಿದರೂ ದವಾಖಾನೆಯ ಮೆಟ್ಟಿಲು ಕಣ್ಣಿಗೆ ಬರುತ್ತದೆ. ದಣಿದಿದ್ದೇನೆ ಅಣ್ಣಾ. ಉತ್ತರ ಬರೆಸು ಎಂದು ಕೇಳುವ ಮುಖವಿಲ್ಲ.

ಇಂತು ನಿನ್ನ,
ಕೊಟ್ಟೂರಪ್ಪ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಒಡೆದೆ. ಸತ್ಯಮ್ಮಾ, ಇದನ್ನೂ ಅಪ್ಪನಿಗೆ ಓದು. ಸಾಹುಕಾರರು ಹಾಗೆ ಬರೆಯಲು ಹೇಳಿರಲಿಲ್ಲ. ಯಾರೂ ಹೇಳಿರಲಿಲ್ಲ. ಅಚ್ಚಿಗೆ ಹೋಗುವ ಮುನ್ನ ಅವರು ಪುಸ್ತಕ ತಿರುವಿ ನೋಡಿ, “ಹೊನ್ನೂರಪ್ಪನ ಹೆಸರು ಎಲ್ಲೈತೋ?” ಎಂದು ಕೇಳಿದ್ದರು. “ಅವನೇ ಬ್ಯಾಡ ಅಂದಾನ್ರಿ” ಎಂದವನು ನಾನು.