ಹೋಗಬೇಡ ಅನ್ನಬೇಡಿ

೧೧ ಫೆಬ್ರವರಿ ೨೦೧೮, ಭಾನುವಾರ. ಮಾಲ್ಟನ್.

ಮಗಳು ಶರ್ವಾಣಿ ನನ್ನಿಂದ ಏನನ್ನೋ ಮುಚ್ಚಿಡುತ್ತಿದ್ದಾಳೆ. ವಾರವೆಲ್ಲ ಹಾಗನ್ನಿಸುತ್ತಿತ್ತು, ಇವತ್ತು ಖಾತ್ರಿಯಾಯಿತು.

ಮಧ್ಯಾಹ್ನ ಹುರುಳಿಕಾಯಿ ಸೋಸುತ್ತಿದ್ದೆ, ಬಂದು ಎದುರಿಗೆ ಕೂತಳು. ಯೂನಿವರ್ಸಿಟಿಯಲ್ಲಿ ಅವಳು ಓದುತ್ತಿರುವುದು ಯುರೋಕ್ ಎಂಬ ಭಾಷೆ, ಕ್ಯಾಲಿಫೋರ್ನಿಯಾದ ನದಿದಂಡೆಯ ಮೂಲನಿವಾಸಿಗಳದು. ಅದರಲ್ಲೂ 'ಇಲ್ಲ' ಎನ್ನುವುದಕ್ಕೆ ಒಂದು ಮಾತು, 'ಬೇಡ' ಎನ್ನುವುದಕ್ಕೆ ಇನ್ನೊಂದಂತೆ, ನಮ್ಮ ಹಾಗೆಯೇ. ಎರಡನ್ನೂ ಹೋಲಿಸಿ ಬರೆಯಬೇಕು, ಹೇಳಿಕೊಡು ಎಂದಳು. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುವ ಹುಡುಗಿಗೆ ಇದೇನು ಹೊಸ ಪ್ರೀತಿ?

"ದೊಡ್ಡೋರಿಗೆ ಪೊಲೈಟ್ ಆಗಿ 'ಬೇಡ' ಅಂತ ಹೇಗೆ ಹೇಳೋದಮ್ಮ?"

"ಕೋಪ ಮಾಡ್ಕೋಬೇಡಿ, ತಪ್ಪು ತಿಳೀಬೇಡಿ ಅಂತೀವಿ."

"'ದಯವಿಟ್ಟು ಹೋಗಬೇಡ ಅನ್ನಬೇಡಿ' ಅಂದ್ರೆ ಸರೀನಾ?"

ನನ್ನ ಕೈ ನಿಂತಿತು. ಯಾವ ಹೋಂವರ್ಕಿನಲ್ಲಿ ಇಂಥ ವಾಕ್ಯ ಇರುತ್ತದೆ?

"ಎಲ್ಲಿಗೆ ಹೋಗ್ತಿದೀಯ?"

"ಜಸ್ಟ್ ಎಕ್ಸಾಂಪಲ್ ಅಮ್ಮ," ಎಂದಳು, ನನ್ನ ಮುಖ ನೋಡದೆ.

ನಾನು ಮತ್ತೆ ಹುರುಳಿಕಾಯಿ ಸೋಸತೊಡಗಿದೆ. ನಾನು ಸುಮ್ಮನಿದ್ದರೆ ಅವಳಿಗೆ ತಡೆಯಲಾಗುವುದಿಲ್ಲ. ಕೊನೆಗೆ ಬಾಯಿಬಿಟ್ಟಳು. ಎರಡು ವರ್ಷ ಕ್ಯಾಲಿಫೋರ್ನಿಯಾದಲ್ಲೇ ಇದ್ದು, ಆ ಭಾಷೆ ಕಲಿಸುವ ಹಿರಿಯರ ಹತ್ತಿರ ಕಲಿಯಬೇಕಂತೆ.

'ಬೇಡ' ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು "ಹೋಗಿ ಬಾ" ಎಂದೆ. ಓಡಿಬಂದು ಅಪ್ಪಿಕೊಂಡಳು.

ಈಗ ನಿದ್ದೆ ಹತ್ತುತ್ತಿಲ್ಲ. ಕಲಿಯುವುದಕ್ಕೆ ಹೋಗುತ್ತಾಳೆ ಎನ್ನುವುದು ಸುಳ್ಳಲ್ಲ, ಆ ಆಸೆ ಅವಳ ಮುಖದಲ್ಲೇ ಕಾಣುತ್ತಿತ್ತು. ಆದರೆ ಅಪ್ಪಿಕೊಂಡಾಗ, ಸಂತೋಷದಲ್ಲಿ ಮೈಮರೆತು, "ನಾವು ಸೆಪ್ಟೆಂಬರಲ್ಲಿ ಹೊರಡ್ತೀವಿ" ಎಂದುಬಿಟ್ಟಳು. ನಾವು ಅಂದರೆ, ಅವಳ ಜೊತೆ ಇನ್ಯಾರು ಹೋಗುತ್ತಿದ್ದಾರೆ?