ತೊಂಬತ್ತು ಸೆಕೆಂಡಿನ ವಿಶ್ರಾಂತಿ

ಅಗ್ನಿಶಾಮಕ ತರಬೇತಿ ಕೇಂದ್ರದ ಮಾನ್ಯ ಮುಖ್ಯಾಧಿಕಾರಿಗಳೇ,

ನನ್ನ ತಂಗಿಯ ಹೃದಯದ ಸ್ನಾಯು ಊದಿಕೊಂಡಿದೆ. ಮೂರು ತಿಂಗಳು ಓಡಕೂಡದೆಂದು ವೈದ್ಯರು ಬರೆದುಕೊಟ್ಟಿದ್ದಾರೆ. ತಮ್ಮ ಕಚೇರಿ ಅವಳಿಗೆ ದಯಪಾಲಿಸಿರುವ ವಿಶ್ರಾಂತಿ ತೊಂಬತ್ತು ಸೆಕೆಂಡು.

ತಮ್ಮ ತರಬೇತಿಯನ್ನು ನಾನು ಹಳಿಯುತ್ತಿಲ್ಲ. ಮೂವತ್ತು ಸೆಕೆಂಡು ಎದ್ದೆನೋ ಬಿದ್ದೆನೋ ಎಂಬ ಓಟ, ತೊಂಬತ್ತು ಸೆಕೆಂಡು ನಡಿಗೆ, ಹೀಗೆ ಎಂಟು ಸುತ್ತು, ವಾರಕ್ಕೆ ಮೂರು ದಿನ. ಆರು ವಾರದಲ್ಲಿ ಅವಳ ಎದೆ ಗಟ್ಟಿಯಾದದ್ದು ನಿಜ. ಮನೆಯಲ್ಲಿ ನಾವು ಮಿಡತೆ ಎಂದು ಕರೆಯುವ ಈ ಇಪ್ಪತ್ತೈದರ ಹುಡುಗಿ ನಾಲ್ಕು ಮಹಡಿ ಹತ್ತಿಹೋಗಿ, ಮೇಲಿನಿಂದ ಬಗ್ಗಿ, "ಏನಣ್ಣಾ, ಇನ್ನೂ ಅಲ್ಲೇ ಇದೀಯಾ? ಬಂದು ಎತ್ಕೊಂಡ್ ಹೋಗ್ಲಾ?" ಎಂದು ರೇಗಿಸುತ್ತಿದ್ದಳು. ಆಮೇಲೆ ಜ್ವರ ಬಂತು. ಜ್ವರ ಬಿಟ್ಟರೂ ಎದೆನೋವು ಬಿಡಲಿಲ್ಲ.

ವೈದ್ಯರ ಚೀಟಿ ಹಿಡಿದು ತಮ್ಮ ಕಚೇರಿಗೆ ಬಂದೆ. ಗುಮಾಸ್ತರು ಒಳ್ಳೆಯವರೇ, ಕೂರಿಸಿ ನೀರು ಕೊಟ್ಟರು. ಆದರೆ ಕಂಪ್ಯೂಟರಿನಲ್ಲಿ ವಿಶ್ರಾಂತಿ ಎಂಬ ಕಾಲಂ ಇರುವುದು ಒಂದೇ, ಸುತ್ತುಗಳ ನಡುವಿನ ನಡಿಗೆಯದು, ಅದು ಸೆಕೆಂಡುಗಳನ್ನು ಮಾತ್ರ ಒಪ್ಪುತ್ತದೆ. ಮೂರು ತಿಂಗಳನ್ನು ಸೆಕೆಂಡು ಮಾಡಿ ಹಾಕಿ ನೋಡಿದರು, ಪಾಪ. "ನೋಡಿ, ತೊಂಬತ್ತಕ್ಕಿಂತ ಜಾಸ್ತಿ ತಗೊಳ್ತಾನೇ ಇಲ್ಲ. ನಾನೇನ್ ಮಾಡ್ಲಿ ಹೇಳಿ?" ಎಂದರು. ತೊಂಬತ್ತು ಎಂದೇ ತುಂಬಿ ಸೀಲು ಹೊಡೆದು ಕೊಟ್ಟರು. ಇದೇ ಎಂಟು ಸುತ್ತಿನ ಓಟದ ಕೊನೆಯ ಪರೀಕ್ಷೆಗೆ ಬಾರದವರ ಹೆಸರು ಪಟ್ಟಿಯಿಂದ ಹೋಗುತ್ತದಂತೆ. ಉರಿಯುವ ಮನೆಯಿಂದ ಜನರನ್ನು ಹೊತ್ತು ತರಬೇಕಾದವರ ಹೃದಯ ಸರಿಯಿದೆಯೇ ಎಂದು ತಿಳಿಯುವುದಕ್ಕಲ್ಲವೇ ಈ ಪರೀಕ್ಷೆ? ಸರಿಯಿಲ್ಲವೆಂದು ಬರೆದ ಕಾಗದಕ್ಕೇ ಜಾಗವಿಲ್ಲದಿದ್ದರೆ, ತಾವು ಅಳೆಯುತ್ತಿರುವುದಾದರೂ ಏನನ್ನು ಸ್ವಾಮೀ?

"ಎಂಟೇ ಸುತ್ತು ಕಣೋ. ಈ ಸಲ ಬಿಟ್ರೆ ವಯಸ್ಸು ಮೀರುತ್ತೆ," ಎನ್ನುತ್ತಾಳೆ ಮಿಡತೆ. ಗದರಿದೆ, ಕೈಮುಗಿದೆ, ಅತ್ತೂಬಿಟ್ಟೆ. ನಿನ್ನೆ ತನ್ನ ಓಟದ ಬೂಟು ತಂದು ಮುಂದಿಟ್ಟಳು, ಅಟ್ಟೆ ಕಿತ್ತುಬಂದಿತ್ತು. ಬೂಟು ಹೊಲಿಯುವುದೇ ನನ್ನ ಕಸುಬು. ಹೊಲಿಯದಿದ್ದರೆ ಬರಿಗಾಲಲ್ಲಾದರೂ ಓಡುವವಳು ಅವಳು. ಹೊಲಿದುಕೊಟ್ಟೆ.

ನನ್ನ ಬೇಡಿಕೆ ಇಷ್ಟೇ: ವೈದ್ಯರ ಮಾತು ಹಿಡಿಯುವಂಥ ಒಂದು ಕಾಲಂ ಮಾಡಿಸಿ, ಅವಳ ಹೆಸರನ್ನು ಮೂರು ತಿಂಗಳು ಉಳಿಸಿಕೊಳ್ಳಿ. ದೂರುಗಳಿಗೆ ಮೂವತ್ತು ದಿನಗಳಲ್ಲಿ ಉತ್ತರಿಸಲಾಗುವುದು ಎಂದು ತಮ್ಮ ಬಾಗಿಲ ಮೇಲೆ ಬರೆದಿದೆ. ಅವಳ ಓಟ ನಾಳೆ ಬೆಳಿಗ್ಗೆ ಏಳಕ್ಕೆ. ಹಾಗಾಗಿ ಈ ಪತ್ರ ಅವಳ ನಂತರ ಬರುವವರಿಗಾಗಿ ಎಂದೇ ತಿಳಿಯಿರಿ.

ಇಂತಿ,
ಬೇಡ ಬೇಡ ಎನ್ನುತ್ತಲೇ ಬೂಟು ಹೊಲಿದುಕೊಟ್ಟ ಅಣ್ಣ